ಹುಡುಕಿಕೊಂಡು ಹೋಗದ ಬೇಟೆ

ನಮ್ಮ ಊರಮನೆಯ ಜಗಲಿಯಲ್ಲಿ, ಗಡಿಯಾರದ ಪಕ್ಕಕ್ಕೆ, ಗೋಡೆಯ ಸುಣ್ಣ ಮಾಸದೆ ಉಳಿದಿರುವ ಒಂದು ಜಾಗವಿದೆ. ಸುಮಾರು ಐವತ್ತು ವರ್ಷ ಅಲ್ಲೊಂದು ಕಡವೆಯ ಕೊಂಬು ಇತ್ತು. ಮನೆಗಳಲ್ಲಿ ಉಳಿದುಕೊಂಡಿರುವ ಹುಲಿಯುಗುರು, ಕೊಂಬು, ಚರ್ಮಗಳನ್ನು ಅರಣ್ಯ ಇಲಾಖೆಗೆ ಒಪ್ಪಿಸಲು ರಾಜ್ಯ ಸರ್ಕಾರ 2024ರಲ್ಲಿ ಒಂದು ಬಾರಿಯ ಅವಕಾಶ ಕೊಟ್ಟಾಗ ಅದನ್ನು ಇಳಿಸಿ ಕೊಟ್ಟು ಬಂದೆವು. ಆ ವರ್ಷ ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗಳು ಆ ಬಿಳಿ ಜಾಗವನ್ನು ನೋಡಿ, "ಮಾವ, ನಿಮಗೆ ಷಿಕಾರಿ ಅಂದ್ರೆ ಇಷ್ಟ ಇತ್ತಾ?" ಎಂದು ಕೇಳಿದಳು. "ಕೆಲವು ಇಷ್ಟ ಇರಲಿಲ್ಲ" ಎಂದೆ. ಅವಳು ನಕ್ಕು ಒಳಗೆ ಹೋದಳು. ಆದರೆ ಆ ಉತ್ತರ ನಾನೇ ಅಂದುಕೊಂಡಿದ್ದಕ್ಕಿಂತ ನಿಜವಾಗಿತ್ತು ಎಂದು ಆಮೇಲೆ ಅನಿಸತೊಡಗಿತು.

ಮಲೆನಾಡಿನಲ್ಲಿ, ಕೋವಿ ಇರುವ ಮನೆಯಲ್ಲಿ ಹುಟ್ಟಿದವನು ನಾನು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲೇ ಬಂದಿತ್ತಾದರೂ, 1991ರ ತಿದ್ದುಪಡಿಯವರೆಗೆ ಪರವಾನಗಿ ಪಡೆದು ಕೆಲವು ಪ್ರಾಣಿಗಳನ್ನು ಬೇಟೆಯಾಡಲು ಅದೇ ಕಾಯ್ದೆಯಲ್ಲಿ ಅವಕಾಶವಿತ್ತು. ನಮ್ಮ ಕಡೆ ಆ ಪರವಾನಗಿಯನ್ನು ಯಾರಾದರೂ ಪಡೆದದ್ದನ್ನು ನಾನು ನೋಡಿಲ್ಲ. ಬೇಟೆ ನಡೆಯುವುದನ್ನು ಮಾತ್ರ ನೋಡಿದ್ದೇನೆ, ಅದರ ಮಾಂಸವನ್ನೂ ತಿಂದಿದ್ದೇನೆ. ಆದ್ದರಿಂದ ಕೈತೊಳೆದುಕೊಂಡು ಕೂತವನ ಹಾಗೆ ಬರೆಯುವ ಅಧಿಕಾರ ನನಗಿಲ್ಲ. ಕಾನೂನಿಗೆ ಎಲ್ಲ ಬೇಟೆಯೂ ಒಂದೇ, ಅದು ಹಾಗೇ ಇರಬೇಕು. ನಾನು ಹೇಳಹೊರಟಿರುವುದು ಕಾನೂನು ಬಾರದಿದ್ದರೂ ನನ್ನ ಮನಸ್ಸು ಯಾವ ಯಾವ ಬೇಟೆಯ ಕಡೆಗೆ ಎಂದೂ ಹೊರಳುತ್ತಿರಲಿಲ್ಲ ಎಂಬುದನ್ನಷ್ಟೇ.

ಮೊದಲನೆಯದು ಬೆಳಕಿನ ಷಿಕಾರಿ. ನನಗೆ ಹದಿನಾರು ವರ್ಷವಾಗಿದ್ದಾಗ ಅಪ್ಪಯ್ಯನ ಪರಿಚಯಸ್ಥರೊಬ್ಬರ ಜೀಪಿನಲ್ಲಿ ಒಂದೇ ಒಂದು ಸಲ ಹೋಗಿದ್ದೆ. ಕಾಫಿ ತೋಟದ ಅಂಚಿನ ರಸ್ತೆಯಲ್ಲಿ ಜೀಪು ನಿಧಾನವಾಗಿ ಹೋಗುತ್ತಿರುವಾಗ ಹಿಂದೆ ನಿಂತವನು ಎರಡೂ ಬದಿಗೆ ಬೆಳಕು ಬಿಡುತ್ತಿದ್ದ. ಒಂದು ತಿರುವಿನಲ್ಲಿ, ಪೊದೆಯ ನಡುವೆ, ಹಸಿರು ಛಾಯೆಯ ಎರಡು ಕಣ್ಣುಗಳು ಕಾಣಿಸಿದವು. ಮೈ ಕಾಣುತ್ತಿರಲಿಲ್ಲ, ತಲೆಯ ಆಕಾರವೂ ಕಾಣುತ್ತಿರಲಿಲ್ಲ. ಕತ್ತಲಲ್ಲಿ ಯಾರೋ ಎರಡು ಹಣತೆ ಇಟ್ಟು ಹೋದ ಹಾಗೆ ಕಣ್ಣುಗಳಷ್ಟೇ ಇದ್ದವು. ಈಡು ಹಾರಿತು, ಕಣ್ಣು ಆರಿದವು. ಒಳಗೆ ಹಳುವಿನಲ್ಲಿ ಏನೋ ಮುರಿದುಕೊಂಡು ಓಡಿದ ಸದ್ದಾಯಿತು. ಇಳಿದು ನೋಡೋಣವೆಂದು ನಾನು ಹೇಳುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಮತ್ತೊಂದು ಜೊತೆ ಕಣ್ಣು ಹೊಳೆದವೆಂದು ಜೀಪು ಮುಂದಕ್ಕೆ ಹೋಯಿತು. ಮರುದಿನ ಬೆಳಿಗ್ಗೆ ಸೈಕಲ್ಲಿನಲ್ಲಿ ಆ ಜಾಗಕ್ಕೆ ಹೋದೆ. ಲಂಟಾನದ ಎಲೆಗಳ ಮೇಲೆ, ನನ್ನ ಮಂಡಿಯ ಎತ್ತರದಲ್ಲಿ, ಒಣಗಿ ಕಪ್ಪಾದ ರಕ್ತ ಸವರಿದಂತಿತ್ತು. ಇಪ್ಪತ್ತು ಮಾರು ಒಳಗೆ ಹೋಗುವಷ್ಟರಲ್ಲಿ ಅದೂ ಸಿಗದಾಯಿತು. ಅದು ಕಾಡುಕುರಿಯೋ, ಕಡವೆಯ ಮರಿಯೋ, ಯಾರದೋ ಕೊಟ್ಟಿಗೆಗೆ ಬಾರದೆ ಉಳಿದ ಕರುವೋ, ಇಂದಿಗೂ ನನಗೆ ಗೊತ್ತಿಲ್ಲ. ಹೊಡೆದವನಿಗಂತೂ ಗೊತ್ತೇ ಇಲ್ಲ.

ಭಾರತದ ಕೊನೆಯ ಚೀತಾಗಳೆಂದು ದಾಖಲಾಗಿರುವ ಮೂರು ಗಂಡು ಪ್ರಾಣಿಗಳನ್ನು 1947ರಲ್ಲಿ ಇಂದಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ರಾಜ ಹೊಡೆದದ್ದೂ ರಾತ್ರಿಯಲ್ಲೇ, ವಾಹನದಲ್ಲಿ ಹೋಗುತ್ತಿರುವಾಗಲೇ. ಮೂರೂ ಒಟ್ಟಿಗೆ ಕೂತಿದ್ದವು. 1952ರಲ್ಲಿ ಚೀತಾ ದೇಶದಿಂದ ಅಳಿದುಹೋಯಿತೆಂದು ಘೋಷಿಸಿ, 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ವಿಮಾನದಲ್ಲಿ ತಂದು ಬಿಡಬೇಕಾಯಿತು. ಈ ಸಂಗತಿಯನ್ನು ಓದಿದಾಗ ನನಗೆ ಹಳುವಿನ ಆ ಎರಡು ಕಣ್ಣುಗಳೇ ನೆನಪಾದವು.

ಬೆಳಕಿನ ಷಿಕಾರಿಯಲ್ಲಿ ಹೊಡೆಯುವವನು ಕಡೇಪಕ್ಷ ಅಲ್ಲಿ ಇರುತ್ತಾನೆ. ಉರುಳಿನಲ್ಲಿ ಅವನು ಇರುವುದೇ ಇಲ್ಲ. ಉರುಳು ಹಾಕುವವನಿಗೆ ಕೋವಿ ಬೇಡ, ನಾಯಿ ಬೇಡ, ಧೈರ್ಯ ಬೇಡ, ಪುರುಸೊತ್ತೂ ಬೇಡ. ಬೈಕಿನ ಹಳೆಯ ಕ್ಲಚ್ ವೈರೊಂದಿದ್ದರೆ ಸಾಕು. ಹೋದ ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ತೋಟದ ಮೇಲ್ಬೇಲಿಯಲ್ಲಿ ಅಂಥದ್ದೊಂದು ನನ್ನ ಕಣ್ಣಿಗೆ ಬಿತ್ತು. ಹಂದಿಗಳು ನುಸುಳಿ ನುಸುಳಿ ನುಣುಪಾಗಿದ್ದ ಗಂಡಿಯ ಬಾಯಿಗೆ, ಮಣ್ಣಿನಿಂದ ಒಂದೂವರೆ ಗೇಣು ಮೇಲಕ್ಕೆ, ಕುಣಿಕೆ ಬಿಟ್ಟು, ಇನ್ನೊಂದು ತುದಿಯನ್ನು ತೋಳು ಗಾತ್ರದ ಒಂದು ಗಿಡದ ಬುಡಕ್ಕೆ ಬಿಗಿದಿದ್ದರು. ಕುಣಿಕೆ ಖಾಲಿಯಾಗಿತ್ತು. ಆದರೆ ಗಿಡದ ಬುಡದ ಸುತ್ತ ತೊಗಟೆ ಉಂಗುರದಂತೆ ಸವೆದು ಒಳಗಿನ ಬಿಳಿ ಮರ ಕಾಣುತ್ತಿತ್ತು. ಸುತ್ತಲಿನ ನೆಲ ಒಂದು ಚಾಪೆಯಗಲಕ್ಕೆ ಕೆದರಿ ಹೋಗಿತ್ತು. ವೈರಿನ ಎಳೆಗಳ ನಡುವೆ ಒರಟಾದ ನಾಲ್ಕೈದು ಕೂದಲು ಸಿಕ್ಕಿಕೊಂಡಿದ್ದವು. ಹಿಂದೆಂದೋ ಸಿಕ್ಕ ಪ್ರಾಣಿ ಎಷ್ಟು ಹೊತ್ತು ಆ ಗಿಡದ ಸುತ್ತ ತಿರುಗಿರಬೇಕೆಂದು ಲೆಕ್ಕ ಹಾಕುವ ಮನಸ್ಸಾಗಲಿಲ್ಲ. ಇಕ್ಕಳ ತಂದು ಕತ್ತರಿಸಿ ಬಿಸಾಡಿದೆ. ಎರಡು ವಾರ ಬಿಟ್ಟು ಐವತ್ತು ಅಡಿ ಆಚೆಗೆ ಇನ್ನೊಂದಿತ್ತು.

ಉರುಳಿಗೆ ಇದು ಹಂದಿ, ಇದು ಚಿರತೆ ಎಂಬ ಭೇದವಿಲ್ಲ. ಹಂದಿಗೆಂದು ಹಾಕಿದ ತಂತಿಗೆ ಸೊಂಟ ಸಿಕ್ಕಿಕೊಂಡು ಬೇಲಿಯಲ್ಲಿ ನೇತಾಡುವ ಚಿರತೆಯ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅರಿವಳಿಕೆ ಕೊಡುವ ವೈದ್ಯರು ಬರುವಷ್ಟರಲ್ಲಿ ಒಮ್ಮೊಮ್ಮೆ ಅದು ಸತ್ತಿರುತ್ತದೆ. ಹಂದಿಯ ಉಪಟಳ ನನಗೆ ಗೊತ್ತಿಲ್ಲದ್ದೇನಲ್ಲ. ಒಂದೇ ರಾತ್ರಿಯಲ್ಲಿ ನಲವತ್ತು ಅಡಿಕೆ ಸಸಿ ಕಿತ್ತು ಮಲಗಿಸಿದ್ದನ್ನು ಬೆಳಿಗ್ಗೆ ಎದ್ದು ನೋಡಿದವನೇ ನಾನು. ಕೇರಳದಲ್ಲಿ 2022ರಲ್ಲಿ ಬೆಳೆಹಾನಿ ಮಾಡುವ ಹಂದಿಗಳನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ವಹಿಸಿದರು. ನಮ್ಮಲ್ಲೂ ಹಾಗೆ ಮಾಡಿ ಎಂದು ಕೇಳುವ ರೈತರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಕೂಡ ವಿಷಕ್ಕಾಗಲಿ, ಸ್ಫೋಟಕಕ್ಕಾಗಲಿ ಅವಕಾಶ ಕೊಡಲಿಲ್ಲ.

ಸ್ಫೋಟಕದ ವಿಷಯವನ್ನು ಉದ್ದ ಬರೆಯಲಾರೆ. ಸಿಡಿಮದ್ದನ್ನು ಉಂಡೆ ಮಾಡಿ, ಹಿಟ್ಟಿನಲ್ಲೋ ಹಣ್ಣಿನಲ್ಲೋ ಅಡಗಿಸಿ ಹಂದಿಯ ದಾರಿಯಲ್ಲಿಡುತ್ತಾರೆ. ಕಚ್ಚಿದೊಡನೆ ಬಾಯಲ್ಲೇ ಸಿಡಿಯುತ್ತದೆ. 2020ರ ಮೇ ತಿಂಗಳಲ್ಲಿ ಪಾಲಕ್ಕಾಡ್ ಜಿಲ್ಲೆಯಲ್ಲಿ ದವಡೆ ಛಿದ್ರವಾದ ಬಸುರಿ ಆನೆಯೊಂದು ಹೊಳೆಯ ನೀರಿನಲ್ಲಿ ಸೊಂಡಿಲು ಮುಳುಗಿಸಿ ನಿಂತಲ್ಲೇ ಸತ್ತಾಗ ದೇಶವೆಲ್ಲ ಮರುಗಿತು. ನಮ್ಮೂರಿನಲ್ಲಿ ಅದಕ್ಕೆ ಎಷ್ಟೋ ವರ್ಷ ಮೊದಲೇ ಮೇಯಲು ಹೋಗಿದ್ದ ಹಸುವೊಂದು ಕೆಳದವಡೆಯಿಲ್ಲದೆ ಸಂಜೆ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಿತ್ತು. ಅದು ದಾರಿ ತಪ್ಪದೆ ಮನೆಗೆ ಬಂದದ್ದನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಏನೋ ತಿರುಚಿದಂತಾಗುತ್ತದೆ.

ಹಕ್ಕಿ ಬೇಟೆ ನನಗೆ ಹಿಡಿಸದಿರುವುದಕ್ಕೆ ಕರುಣೆಗಿಂತ ಲೆಕ್ಕವೇ ಕಾರಣ. ಹುಡುಗರಾಗಿದ್ದಾಗ ಕ್ಯಾಟರ್‌ಬಿಲ್ಲು ಹಿಡಿದು ತಿರುಗಿದ್ದೇವೆ. ನೂರು ಕಲ್ಲಿಗೆ ಒಂದು ತಗುಲಿದರೆ ಹೆಚ್ಚು. ಆದರೆ ಬಸರಿಮರ ಹಣ್ಣಾದಾಗ ಹಸಿರು ಪಾರಿವಾಳಗಳ ಹಿಂಡಿಗೆ ಚರೆ ತುಂಬಿದ ಕೋವಿಯಿಂದ ಹೊಡೆಯುತ್ತಿದ್ದವರನ್ನು ನೋಡಿದ್ದೇನೆ. ಮೂರು ಕೆಳಗೆ ಬೀಳುತ್ತಿದ್ದವು, ಉಳಿದವು ಹಾರುತ್ತಿದ್ದವು. ಹಾರಿಹೋದವುಗಳಲ್ಲಿ ಎಷ್ಟರ ಮೈಯಲ್ಲಿ ಚರೆ ಇತ್ತೆಂದು ಯಾರೂ ಕೇಳುತ್ತಿರಲಿಲ್ಲ. ಹೊಳೆಗೆ ತೋಟೆ ಎಸೆದು ಮೀನು ಹಿಡಿಯುವುದೂ ಇದೇ ಜಾತಿಯದು: ತೇಲಿದ್ದು ಪಾಲು, ಮುಳುಗಿದ್ದು ಲೆಕ್ಕಕ್ಕಿಲ್ಲ. ನೀರಿಗೆ ಸ್ಫೋಟಕ ಹಾಕುವುದನ್ನೂ ವಿಷ ಬೆರೆಸುವುದನ್ನೂ 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿತ್ತು. ಘಟ್ಟದ ಕೆಳಗಿನ ಶಿಶಿಲದಲ್ಲಿ ದೇವರ ಮೀನುಗಳೆಂದು ಜನ ಅಕ್ಕಿ ಹಾಕಿ ಸಾಕಿದ ಮಹಶೀರ್‌ಗಳ ಹೊಳೆಗೇ 1996ರಲ್ಲಿ ವಿಷ ಬಿದ್ದಿತ್ತು. ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕವಿದೆ. ಮುಂಗಾರಿನ ಮೊದಲ ನೆರೆಗೆ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಕೂಳಿ ಒಡ್ಡಿ ಹಿಡಿದು ತಿಂದ ನಾಲಿಗೆ ನನ್ನದು. ಆದರೂ ತೋಟೆಯ ಮೀನು ಮನೆಗೆ ಬಂದ ದಿನ ಅಮ್ಮ ಒಲೆ ಹಚ್ಚುತ್ತಿರಲಿಲ್ಲ.

ಕೊಲ್ಲದ ಬೇಟೆಯೊಂದೂ ಈ ಪಟ್ಟಿಯಲ್ಲಿದೆ ಎಂದರೆ ಆಶ್ಚರ್ಯವಾಗಬಹುದು. ಮೈಸೂರು ಸೀಮೆಯ ಖೆಡ್ಡಾದ ಫೋಟೋಗಳನ್ನು ನೀವೂ ನೋಡಿರುತ್ತೀರಿ. ಚಾಮರಾಜನಗರದ ಬಳಿ 1874ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಮೊದಲ ಸಲ ಆನೆಹಿಂಡನ್ನು ಕೂಡಿ ಹಾಕುವಲ್ಲಿ ಗೆದ್ದ ಮೇಲೆ, ಕಾಕನಕೋಟೆಯ ಕಾಡುಗಳಲ್ಲಿ 1971ರವರೆಗೂ ಅದು ನಡೆಯುತ್ತ ಬಂತು. ಕಬಿನಿ ಹೊಳೆಗೆ ಹಿಂಡನ್ನು ಅಟ್ಟಿ, ಆಚೆ ದಡದ ಬೇಲಿಯೊಳಗೆ ನುಗ್ಗಿಸುವುದನ್ನು ನೋಡಲು ವೈಸರಾಯರು, ರಾಜಕುಮಾರರು ಬಂದು ಕೂರುತ್ತಿದ್ದರು. ಕಾಡಿನೊಳಗೆ ವಾರಗಟ್ಟಲೆ ಆನೆಗಳ ಹಿಂದೆ ಅಲೆದ ಕುರುಬರ ಕೆಲಸ ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಕೂತು ನೋಡುವವರ ಬೇಟೆ ನನಗೆ ರುಚಿಸುವುದಿಲ್ಲ. ಅವರು ಚಪ್ಪಾಳೆ ತಟ್ಟಿ ಊಟಕ್ಕೆ ಎದ್ದು ಹೋದ ಮೇಲೆ, ಹಗ್ಗ ಉಜ್ಜಿ ಕಾಲು ಹುಣ್ಣಾದ ಮರಿಯಾನೆಯ ಪಕ್ಕದಲ್ಲಿ ರಾತ್ರಿ ಉಳಿಯುತ್ತಿದ್ದವರು ಆ ಕುರುಬರೇ.

ಹಾಗಾದರೆ ನಿನಗೆ ರುಚಿಸಿದ್ದು ಯಾವುದು ಎಂದು ಕೇಳಿದರೆ, ನಾಯಿಗಳನ್ನು ಬಿಟ್ಟು ಹಳು ಸೋಯುವ ಹಂದಿಬೇಟೆಯ ಕೂಗು ಕಿವಿಗೆ ಬಿದ್ದಾಗ ಕಾಲು ತಾನಾಗಿ ಅಂಗಳಕ್ಕೆ ಇಳಿಯುತ್ತಿತ್ತು ಎಂದು ಒಪ್ಪಿಕೊಳ್ಳಬೇಕು. ಕನ್ನಡಿಗರಿಗೆ ಈ ಚಪಲ ಹಳೆಯದು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಅವನ ಒಡೆಯ, ಗಂಗರ ಅರಸ ಬೂತುಗ ಏನು ಬೇಕೋ ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವು. ಇದನ್ನೆಲ್ಲ ಕೆತ್ತಿದ, ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 950ರ ಸುಮಾರಿನ ಶಾಸನದ ಕಲ್ಲು ಈಗ ಬೆಂಗಳೂರಿನ ಸಂಗ್ರಹಾಲಯದಲ್ಲಿದೆ. ಮೇಲೆ ಹಂದಿಯೂ ನಾಯಿಯೂ ಎದುರುಬದುರಾಗಿವೆ. ಅದರ ಮುಂದೆ ನಾನು ತುಂಬ ಹೊತ್ತು ನಿಂತಿದ್ದೆ. ಒಂಟಿ ಗಂಡುಹಂದಿಯ ಕೋರೆಗೆ ಹೊಟ್ಟೆ ಬಗಿದುಹೋದ ನಮ್ಮ ಕರಿನಾಯಿಯನ್ನು ದೊಡ್ಡಪ್ಪಯ್ಯ ಜಗಲಿಯ ಮೇಲೆ ಮಲಗಿಸಿ, ಕರುಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಳಕ್ಕೆ ಸೇರಿಸಿ, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದದ್ದು ನೆನಪಾಗುತ್ತಿತ್ತು. ನಾಯಿ ಬದುಕಲಿಲ್ಲ. ಪಾಲು ಹಾಕುವಾಗ ನಾಯಿಯ ಪಾಲನ್ನು ಅವರು ಬೇರೆ ಎತ್ತಿಟ್ಟರು, ಅದನ್ನು ಯಾರೂ ಮುಟ್ಟಲಿಲ್ಲ.

ಆ ದೊಡ್ಡಪ್ಪಯ್ಯನದು ಒಂದೇ ಕಟ್ಟಳೆ: ಈಡು ಹೊಡೆದವನೇ ಹುಡುಕಬೇಕು. ಗೋಡೆಯ ಮೇಲಿದ್ದ ಕೊಂಬಿನ ಕಡವೆಯನ್ನು ಅವರು ಮರಸು ಕೂತು, ಅಂದರೆ ಅಡಗಿ ಕಾದು, ಕತ್ತಲಾಗುವ ಹೊತ್ತಿಗೆ ಹೊಡೆದಿದ್ದರಂತೆ. ರಕ್ತ ನೊರೆನೊರೆಯಾಗಿದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ; ಕಪ್ಪಾಗಿ, ಮೇವಿನ ಚೂರು ಬೆರೆತಿದ್ದರೆ ಹೊಟ್ಟೆಗೆ ಬಿದ್ದಿದೆ, ಬೇಗ ಸಾಯುವುದಿಲ್ಲ, ದೂರ ಹೋಗುತ್ತದೆ. ಇದು ಎರಡನೆಯದು. ಮೂರು ದಿನ ಹುಡುಕಿದರು. ಗದ್ದೆಯಲ್ಲಿ ನಾಟಿ ನಡೆಯುತ್ತಿತ್ತು, ಆಳುಗಳು ಕಾಯುತ್ತಿದ್ದರು, ಅಜ್ಜಯ್ಯ ಬೈಯುತ್ತಿದ್ದರು, ಅವರು ಮಾತ್ರ ಬೆಳಗಾಗುವಾಗ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದರು. ಕೊನೆಗೆ ನೊಣದ ಸದ್ದು ಹಿಡಿದು ಹೋದಾಗ ಹಳ್ಳದ ನೀರಿಗೆ ಮೂತಿಯಿಟ್ಟು ಬಿದ್ದಿದ್ದ ಕಡವೆ ಸಿಕ್ಕಿತು. ಮಾಂಸ ಕೊಳೆತಿತ್ತು. ಕೊಂಬನ್ನು ಮಾತ್ರ ತಂದು ಗೋಡೆಗೆ ಹೊಡೆದರು. ಬಂದ ನೆಂಟರು ಅದನ್ನು ನೋಡಿ ಷಿಕಾರಿಯ ಕಥೆ ಕೇಳಿದರೆ, "ಅದು ತಪ್ಪಿದ್ದು" ಎಂದಷ್ಟೇ ಹೇಳಿ ಕವಳ ಹಾಕಿಕೊಳ್ಳುತ್ತಿದ್ದರು.

ಕೊಂಬನ್ನು ಒಪ್ಪಿಸಲು ಹೋದಾಗ ವಲಯ ಕಚೇರಿಯಲ್ಲಿದ್ದ ಹುಡುಗ ಟೇಪು ಹಿಡಿದು ಎರಡೂ ಕವಲುಗಳ ಉದ್ದ ಅಳೆದು ಬರೆದುಕೊಂಡ. ನಿಮ್ಮ ಮನೆಗೆ ಹೇಗೆ ಬಂತು ಎಂದು ಕೇಳಿದ. ಹಿರಿಯರಿಂದ ಬಂದದ್ದು ಎಂದು ಬರೆಸಿ ಸಹಿ ಹಾಕಿದೆ.