ಕುಶಾಲನಗರದ ಬಸ್ಸಿನಲ್ಲಿ ಒಂದು ಹಾಕಿ ಸ್ಟಿಕ್

ಇವತ್ತು ಬೆಳಿಗ್ಗೆ ಮೈಸೂರು ಸಬರ್ಬನ್ ಬಸ್ ಸ್ಟ್ಯಾಂಡ್‌ನಲ್ಲಿ ಕುಶಾಲನಗರದ ಬಸ್ ಹತ್ತಿದೆ. ಪಕ್ಕದ ಸೀಟಿನಲ್ಲಿ ಹನ್ನೆರಡು ವರ್ಷದ ಹುಡುಗ. ಮಡಿಲಲ್ಲಿ ಹಾಕಿ ಸ್ಟಿಕ್. ಹಿಡಿಯ ಟೇಪ್ ಬೆವರಿಗೆ ಕಪ್ಪಾಗಿತ್ತು, ಬಿಚ್ಚಿಕೊಂಡ ತುದಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದ. ಹುಣಸೂರು ದಾಟುವವರೆಗೂ ಅದನ್ನು ಕೆಳಗಿಡಲೇ ಇಲ್ಲ.

ನನಗೆ ಎಸ್.ವಿ. ಸುನಿಲ್ ನೆನಪಾದರು. ಸೋಮವಾರಪೇಟೆಯ ಹುಡುಗ. 2007ರಲ್ಲಿ ಭಾರತ ಹಾಕಿ ತಂಡಕ್ಕೆ ಬಂದು ಹದಿನಾಲ್ಕು ವರ್ಷ ಆಡಿದರು. 264 ಪಂದ್ಯ, 72 ಗೋಲು. ಲಂಡನ್, ರಿಯೊ ಎರಡೂ ಒಲಿಂಪಿಕ್ಸ್. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸ್ ಚಿನ್ನ, ಆಮೇಲೆ ಅರ್ಜುನ ಪ್ರಶಸ್ತಿ.

ಆದರೆ ನನಗೆ ಅವರ ಓಟವೇ ಜಾಸ್ತಿ ಇಷ್ಟ. ಅಂಚಿನ ಗೆರೆಗೆ ಅಂಟಿಕೊಂಡ ಹಾಗೆ ಚೆಂಡು ತಳ್ಳಿಕೊಂಡು ಓಡುತ್ತಿದ್ದರು. ಡಿಫೆಂಡರ್ ತಿರುಗುವಷ್ಟರಲ್ಲಿ ಮುಂದೆ ಹೋಗಿರುತ್ತಿದ್ದರು. ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಸರ್ಕಲ್ ಹತ್ತಿರ ಬಂದು ಚೆಂಡನ್ನು ಒಳಕ್ಕೆ ಕೊಟ್ಟರೆ ಗೋಲು ಇನ್ನೊಬ್ಬರ ಹೆಸರಿಗೆ. ಆ ಓಟ ಯಾವ ಲೆಕ್ಕದಲ್ಲೂ ಬರಲ್ಲ, ಅಲ್ವಾ?

2021ರಲ್ಲಿ ಟೋಕಿಯೊದಲ್ಲಿ ನಮಗೆ 41 ವರ್ಷದ ನಂತರ ಹಾಕಿ ಪದಕ ಬಂತು. ಆ ತಂಡದಲ್ಲಿ ಅವರಿರಲಿಲ್ಲ. ಎರಡು ತಿಂಗಳಿಗೆ ನಿವೃತ್ತಿ ಹೇಳಿದರು. ಅವತ್ತು ತುಂಬಾ ಸಂಕಟ ಆಗಿತ್ತು, ಈಗಲೂ ಆಗುತ್ತೆ.

"ಯಾವ ಜಾಗದಲ್ಲಿ ಆಡ್ತೀಯಾ?" ಅಂತ ಹುಡುಗನನ್ನು ಕೇಳಿದೆ.

"ರೈಟ್ ವಿಂಗ್" ಅಂದ. ಬಲಗಡೆಯ ಅಂಚು. ಬೈಲಕುಪ್ಪೆ ಬರುವಷ್ಟರಲ್ಲಿ ಸ್ಟಿಕ್ ತಬ್ಬಿಕೊಂಡೇ ನಿದ್ದೆ ಹೋಗಿದ್ದ.