ಆ ತುಕ್ಕನ್ನು ಮುಟ್ಟಬೇಡ ಮಾರಾಯ

ಜುಲೈ ಕೊನೆಯ ಶನಿವಾರ ರಾತ್ರಿ ಮಡಿಕೇರಿ ಕಡೆಯ ನನ್ನ ಗೆಳೆಯ ವಿಡಿಯೋ ಕಾಲ್ ಮಾಡಿದ. ಸುರತ್ಕಲ್‌ನಲ್ಲಿ ನಾಲ್ಕು ವರ್ಷ ಒಂದೇ ಹಾಸ್ಟೆಲಿನಲ್ಲಿ ಇದ್ದವರು ನಾವು. ಇಲ್ಲಿ ಟೋಕಿಯೋದಲ್ಲಿ ಹನ್ನೊಂದೂವರೆ ದಾಟಿತ್ತು. ಅವನ ಕಡೆ ಕಕ್ಕಡ ತಿಂಗಳ ಮಳೆ ಹೆಂಚಿನ ಮೇಲೆ ಹೊಯ್ಯುತ್ತಿತ್ತು. ಎದುರಿನ ಮೇಜಿನ ಮೇಲೆ ಒಂದು ಜಪಾನಿ ಕತ್ತಿ.

ಅವನ ಅಜ್ಜ ಸುಬೇದಾರರಾಗಿದ್ದವರು. 1945ರಲ್ಲಿ ಬರ್ಮಾದಿಂದ ತಂದದ್ದಂತೆ. ಅಟ್ಟದ ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಬಿದ್ದಿತ್ತು. "ನೀನು ಇದನ್ನೆಲ್ಲ ಕೂಡಿಡ್ತೀಯಲ್ಲ, ಎಷ್ಟು ಬೆಲೆ ಬರಬಹುದು ಹೇಳು. ಸ್ವಲ್ಪ ತುಕ್ಕಿದೆ, ಈಗ ತೆಗೀತೀನಿ" ಅಂದ. ಹಿಡಿಯ ಬಿದಿರಿನ ಗೂಟ ತಟ್ಟಿ ಬಿಡಿಸಿ, ಹಿಡಿಯನ್ನೂ ಕಳಚಿಟ್ಟಿದ್ದ. ಬಲಗೈಯಲ್ಲಿ ಸ್ಯಾಂಡ್ ಪೇಪರ್.

ಮಗು ಮಲಗಿದೆ ಅನ್ನುವುದೂ ಮರೆತು ಕೂಗಿಬಿಟ್ಟೆ. ಆ ತುಕ್ಕನ್ನು ಮುಟ್ಟಬೇಡ ಮಾರಾಯ.

ಜಪಾನಿ ಕತ್ತಿಯಲ್ಲಿ ಹಿಡಿಯೊಳಗೆ ಹೋಗುವ ಭಾಗಕ್ಕೆ ನಾಕಗೊ ಅನ್ನುತ್ತಾರೆ. ಅಲಗನ್ನು ಕಾಲಕಾಲಕ್ಕೆ ಸಾಣೆ ಹಿಡಿಯುತ್ತಾರೆ, ಎಣ್ಣೆ ಹಚ್ಚುತ್ತಾರೆ, ಹೊಳಪು ಕೊಡುತ್ತಾರೆ. ನಾಕಗೊ ಮಾತ್ರ ಯಾರೂ ಮುಟ್ಟುವುದಿಲ್ಲ. ಕಮ್ಮಾರ ಅರ ಹಾಕಿ ಬಿಟ್ಟ ದಿನದಿಂದ ಅದು ತನ್ನಷ್ಟಕ್ಕೆ ತುಕ್ಕು ಹಿಡಿಯುತ್ತಾ ಬರುತ್ತದೆ. ನೂರು ವರ್ಷದ ತುಕ್ಕಿನ ಬಣ್ಣ ಬೇರೆ, ಐನೂರು ವರ್ಷದ ತುಕ್ಕಿನ ಬಣ್ಣ ಬೇರೆ. ಹಳೆಯದಾದಷ್ಟೂ ಕಪ್ಪಾಗಿ, ನುಣುಪಾಗಿ, ಹಳೇ ಮನೆಯ ಕಂಬದ ಹಾಗೆ ಕಾಣುತ್ತದೆ. ಕಣ್ಣು ಪಳಗಿದವರು ಆ ಬಣ್ಣ ನೋಡಿಯೇ ಕಾಲ ಅಂದಾಜು ಮಾಡುತ್ತಾರೆ. ಒಮ್ಮೆ ಉಜ್ಜಿದರೆ ಮುಗಿಯಿತು. ಅದನ್ನು ವಾಪಸ್ ತರುವ ಔಷಧಿ ಯಾವುದೂ ಇಲ್ಲ.

ಇದನ್ನು ನಾನೂ ದುಡ್ಡು ಕೊಟ್ಟೇ ಕಲಿತದ್ದು. 2016ರಲ್ಲಿ ನನ್ನ ಮೊದಲ ಕತ್ತಿ ಕೊಂಡೆ. ವಾಕಿಜಾಶಿ, ಅಂದರೆ ಎರಡು ಶಾಕು ಅಳತೆಗಿಂತ, ನಮ್ಮ ಲೆಕ್ಕದಲ್ಲಿ 60.6 ಸೆಂಟಿಮೀಟರಿಗಿಂತ, ಚಿಕ್ಕದು. ನಾಕಗೊ ಮೇಲೆ ಹಿಜೆನ್ ಪ್ರಾಂತ್ಯದ ತದಾಯೋಶಿ ಅಂತ ಹೆಸರು ಕೊರೆದಿತ್ತು. 1600ರ ಆಸುಪಾಸಿನ ದೊಡ್ಡ ಹೆಸರು ಅದು. ಅದೇ ಹೆಸರಿನಲ್ಲಿ ತಲೆಮಾರುಗಟ್ಟಲೆ ಕೆಲಸ ಮಾಡಿದ ಮನೆತನ. ಪುಸ್ತಕದ ಚಿತ್ರದ ಜೊತೆ ಅಕ್ಷರ ಹೋಲಿಸಿ ನೋಡಿದೆ, ಸರಿ ಅನ್ನಿಸಿತು. 3,20,000 ಯೆನ್ ಕೊಟ್ಟೆ. ಆಮೇಲೆ ಅದನ್ನು ಪರೀಕ್ಷೆಗೆ ಕಳಿಸಿದೆ. 1948ರಲ್ಲಿ ಶುರುವಾದ ಕಲಾಖಡ್ಗ ಸಂರಕ್ಷಣಾ ಸಂಘ ಒಂದಿದೆ, ಎನ್‌ಬಿಟಿಎಚ್‌ಕೆ ಅನ್ನುತ್ತಾರೆ. ಅವರ ಮ್ಯೂಸಿಯಂ ಈಗ ರ್‍ಯೋಗೊಕುದಲ್ಲಿದೆ. ಕತ್ತಿ ನೋಡಿ ಹೊಜೊನ್, ತೊಕುಬೆತ್ಸು ಹೊಜೊನ್, ಜೂಯೋ, ತೊಕುಬೆತ್ಸು ಜೂಯೋ ಅಂತ ನಾಲ್ಕು ದರ್ಜೆಯ ಪತ್ರ ಕೊಡುತ್ತಾರೆ. ನನ್ನದಕ್ಕೆ ಯಾವ ಪತ್ರವೂ ಸಿಗಲಿಲ್ಲ. ಗಿಮೇಯಿ. ಸುಳ್ಳು ಹೆಸರು.

ಆ ರಾತ್ರಿ ಅದನ್ನು ಒಂದೇ ಬಲ್ಬಿನ ಕೆಳಗೆ ಹಿಡಿದು ಮತ್ತೆ ನೋಡಿದೆ. ನಿಜ ಹೇಳಬೇಕೆಂದರೆ, ಅಲಗನ್ನು ಸರಿಯಾಗಿ ನೋಡಿದ್ದು ಅವತ್ತೇ ಮೊದಲು. ತದಾಯೋಶಿ ಮನೆತನದ ಕಬ್ಬಿಣಕ್ಕೆ ಕೊನುಕ ಹಾದಾ ಅನ್ನುವ ಮೈ ಇರುತ್ತದೆ. ಕೊನುಕ ಅಂದರೆ ಅಕ್ಕಿಯ ನುಣ್ಣನೆ ತೌಡು. ಗಿರಣಿಯ ನೆಲದ ಮೇಲೆ ತೌಡು ತೆಳ್ಳಗೆ ಕೂತಿರುತ್ತದಲ್ಲ, ಉಕ್ಕಿನ ಮೇಲೆ ಹಾಗೇ ಕಾಣಬೇಕು. ನಾನು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಹತ್ತಿರ. ತೌಡು ನೋಡದವನಲ್ಲ. ನನ್ನ ಕತ್ತಿಯ ಮೈ ಹಾಗಿರಲೇ ಇಲ್ಲ. ಹಲಗೆಯ ಎಳೆಯ ಹಾಗೆ ದಪ್ಪಗೆ ಹರಿದಿತ್ತು. ಕಬ್ಬಿಣ ಮೊದಲೇ ಹೇಳುತ್ತಿತ್ತು, ನಾನು ಅಕ್ಷರ ಓದುತ್ತಾ ಕೂತಿದ್ದೆ.

ಆಮೇಲೆ ಕಾಂತೇಯಿ ಕೂಟಗಳಿಗೆ ಹೋಗತೊಡಗಿದೆ. ಕತ್ತಿ ಗುರುತಿಸುವ ಕೂಟ ಅದು. ಇದಕ್ಕಿಂತ ಒಳ್ಳೆಯ ಶಾಲೆ ನನಗೆ ಗೊತ್ತಿಲ್ಲ. ಉದ್ದದ ಮೇಜಿನ ಮೇಲೆ ಐದು ಕತ್ತಿ ಇಟ್ಟಿರುತ್ತಾರೆ, ನಾಕಗೊ ಮುಚ್ಚಿರುತ್ತದೆ. ಹೆಸರು ಕಾಣುವುದಿಲ್ಲ. ತಲೆ ಬಾಗಿಸಿ, ಎರಡೂ ಕೈಯಲ್ಲಿ ಎತ್ತಿಕೊಳ್ಳಬೇಕು. ಅಲಗಿಗೆ ಬೆರಳು ತಾಗಬಾರದು. ಕತ್ತಿಯ ಮೇಲೆ ಮಾತಾಡುವಂತೆಯೂ ಇಲ್ಲ, ಎಂಜಲು ಸಿಡಿದ ಕಡೆ ತುಕ್ಕು ಬರುತ್ತದೆ. ಮೊದಲು ತೋಳು ಚಾಚಿ ಆಕಾರ ನೋಡುವುದು. ಬಾಗು ಹಿಡಿಯ ಹತ್ತಿರ ಜಾಸ್ತಿಯೋ, ನಡುವಿನಲ್ಲೋ? ಮೊನೆ ಚಿಕ್ಕದೋ, ದೊಡ್ಡದೋ? ಅಷ್ಟರಲ್ಲೇ ಕಾಲ ಹೆಚ್ಚುಕಡಿಮೆ ಸಿಗುತ್ತದೆ. ಆಮೇಲೆ ಉಕ್ಕಿನ ಎಳೆ. ಕೊನೆಗೆ ಹಾಮೊನ್, ಅಂದರೆ ಬಾಯಿಯ ಉದ್ದಕ್ಕೂ ಹರಿಯುವ ಬಿಳಿ ಗೆರೆ. ಕಮ್ಮಾರ ಅಲಗಿಗೆ ಜೇಡಿಮಣ್ಣು ಮೆತ್ತಿ, ಬೆನ್ನಿಗೆ ದಪ್ಪ, ಬಾಯಿಗೆ ತೆಳು, ಕಾಯಿಸಿ ನೀರಿಗೆ ಇಳಿಸುತ್ತಾನೆ. ಬಾಯಿ ಬೇಗ ತಣಿದು ಗಟ್ಟಿಯಾಗುತ್ತದೆ, ಬೆನ್ನು ಮೆತ್ತಗೇ ಉಳಿಯುತ್ತದೆ. ನಮ್ಮೂರ ಆಚಾರರು ಕತ್ತಿಗೆ ಹದ ಹಾಕುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡರ ಗಡಿ ಇಷ್ಟು ಚೆಂದ ಬರುವಂತೆ ಮಾಡಿದ್ದು ಮಾತ್ರ ಇವರೇ.

ನೋಡಿ ಆದಮೇಲೆ ಕಮ್ಮಾರನ ಹೆಸರು ಚೀಟಿಯಲ್ಲಿ ಬರೆದು ಕೊಡಬೇಕು. ಸರಿಯಾದರೆ ಅತಾರಿ. ಅದೇ ಗುಂಪಿನ, ತೀರಾ ಹತ್ತಿರದ ಕೈಯಾದರೆ ದೋಜೆನ್. ತಪ್ಪಾದರೆ ಇಯಾ. ಮೊದಲ ವರ್ಷ ನನಗೆ ಬರೀ ಇಯಾ. ಎರಡನೇ ವರ್ಷ ಒಂದು ಸಲ ಬಿಜೆನ್ ಪ್ರಾಂತ್ಯದ ಒಸಾಫುನೆ ಊರಿನ ಕತ್ತಿಗೆ ದೋಜೆನ್ ಸಿಕ್ಕಿತು. ನಿಶಿಕಸಾಯಿ ಸ್ಟೇಷನ್ನಿನಿಂದ ಮನೆಯವರೆಗೂ ಆ ಚೀಟಿಯನ್ನು ಕೈಯಲ್ಲೇ ಹಿಡಿದುಕೊಂಡು ಬಂದೆ.

ಗೆಳೆಯನ ಕತ್ತಿಗೆ ಬರುತ್ತೇನೆ. ಅದರ ಹೊರವೇಷ ಸೈನ್ಯದ್ದು. 1934ರಲ್ಲಿ ಜಪಾನಿನ ಭೂಸೇನೆ ಅಧಿಕಾರಿಗಳಿಗೆ ಗೊತ್ತು ಮಾಡಿದ ಮಾದರಿ. ಇಂಥವುಗಳಲ್ಲಿ ಹೆಚ್ಚಿನವುಗಳ ಒಳಗೆ ಯುದ್ಧಕಾಲದಲ್ಲಿ ರಾಶಿಗಟ್ಟಲೆ ಮಾಡಿದ ಅಲಗು ಇರುತ್ತದೆ. ಎಣ್ಣೆಯಲ್ಲಿ ತಣಿಸಿದ್ದು, ನಾಕಗೊ ಮೇಲೆ ಪುಟ್ಟ ಮುದ್ರೆ ಒತ್ತಿದ್ದು. ಆದರೆ ಎಷ್ಟೋ ಅಧಿಕಾರಿಗಳು ಮನೆಯ ಹಳೇ ಕತ್ತಿಗೇ ಈ ವೇಷ ಹಾಕಿಸಿ ಯುದ್ಧಕ್ಕೆ ತಂದಿದ್ದರು. ಒಳಗೆ ಏನಿದೆ ಅನ್ನುವುದು ಹಿಡಿ ಬಿಚ್ಚುವವರೆಗೆ ಗೊತ್ತಾಗುವುದಿಲ್ಲ.

"ಮುದ್ರೆ ಇದೆಯಾ ನೋಡು" ಅಂದೆ. ಇರಲಿಲ್ಲ. ನಾಕಗೊದಲ್ಲಿ ಬಿದಿರು ಗೂಟಕ್ಕೆ ಒಂದಲ್ಲ, ಎರಡು ತೂತು. ತುಕ್ಕು ಕೆಳಗೆ ಕಡುಕಪ್ಪು, ಮೇಲೆ ಸ್ವಲ್ಪ ತಿಳಿ. ಅಲ್ಲಿಗೆ ನನಗೆ ನಿದ್ದೆ ಪೂರ್ತಿ ಹಾರಿಹೋಯಿತು. ಉದ್ದ ಇದ್ದ ಕತ್ತಿಯನ್ನು ಯಾವುದೋ ಕಾಲದಲ್ಲಿ ಮೋಟು ಮಾಡಿದ್ದಾರೆ. ಹಾಗೆ ಮಾಡುವಾಗ ಮೊನೆ ಕಡೆ ಕತ್ತರಿಸುವುದಿಲ್ಲ. ನಾಕಗೊದ ತುದಿ ಕತ್ತರಿಸಿ, ಹಿಡಿಯನ್ನು ಮೇಲಕ್ಕೆ ಏರಿಸಿ, ಗೂಟಕ್ಕೆ ಹೊಸ ತೂತು ಕೊರೆಯುತ್ತಾರೆ. ಕಪ್ಪು ತುಕ್ಕು ಮೂಲದ ನಾಕಗೊ. ತಿಳಿ ತುಕ್ಕು ಹಿಂದೆ ಅಲಗಾಗಿದ್ದ ಜಾಗ.

ಟಾರ್ಚನ್ನು ಓರೆಯಾಗಿ ಹಿಡಿ ಅಂದೆ. ಕಪ್ಪು ಭಾಗದಲ್ಲಿ ಅರದ ಗೆರೆಗಳು ಕಂಡವು, ಎರಡು ಕಡೆಯಿಂದ ಇಳಿದು ನಡುವೆ ಸೇರುವಂಥವು. ತಾಕಾನೊಹಾ, ಗಿಡುಗನ ಗರಿ ಅನ್ನುತ್ತಾರೆ ಅದಕ್ಕೆ. ಮಿನೋ ಪ್ರಾಂತ್ಯದ ಕಮ್ಮಾರರು ಹಾಗೆ ಅರ ಹಾಕುತ್ತಿದ್ದರು. ಅದರ ಪಕ್ಕದಲ್ಲೇ, ಕತ್ತರಿಸಿದ ಅಂಚಿಗೆ ತೀರಾ ಹತ್ತಿರ, ಒಂದೇ ಒಂದು ಅಕ್ಷರ. ಕನೆ.

ಮಿನೋದಲ್ಲಿ ಬಹಳಷ್ಟು ಕಮ್ಮಾರರ ಹೆಸರು ಶುರುವಾಗುವುದೇ ಹಾಗೆ. ಕನೆಮೊತೊ, ಕನೆಸದ, ಕನೆಫುಸ, ಕನೆತ್ಸುನೆ. ಎರಡನೇ ಅಕ್ಷರ ಮೋಟು ಮಾಡಿದ ದಿನವೇ ಕಬ್ಬಿಣದ ತುಂಡಿನ ಜೊತೆ ಹೋಗಿದೆ. ಉಳಿದ ಒಂದು ಅಕ್ಷರದ ಮೇಲೆ ನನ್ನ ಗೆಳೆಯ ಸ್ಯಾಂಡ್ ಪೇಪರ್ ಇಡುವವನಿದ್ದ.

ಅಲಗಿನ ಹೊಳಪು ಪೂರ್ತಿ ಮಾಸಿತ್ತು. ಆದರೂ ಬಲ್ಬಿಗೆ ಹಿಡಿದು ತಿರುಗಿಸಿದಾಗ ಒಂದು ಗೇಣಿನಷ್ಟು ಕಡೆ ಹಾಮೊನ್ ಕಂಡಿತು. ಚೂಪು ಚೂಪಾಗಿ ಏಳುವ ಹಲ್ಲುಗಳು. ಅದೂ ಮಿನೋದ ಕಡೆಗೇ ಬೆರಳು ತೋರಿಸುತ್ತದೆ. 1500ರ ದಶಕಗಳಲ್ಲಿ, ಊರೂರು ಕಾದಾಡುತ್ತಿದ್ದ ಕಾಲದಲ್ಲಿ, ಮಿನೋದ ಸೆಕಿ ಊರು ಸೈನಿಕರಿಗೆ ರಾಶಿ ಕತ್ತಿ ಮಾಡಿಕೊಟ್ಟಿತು. ಇದೂ ಅಂಥದ್ದೊಂದು ಇರಬಹುದು ಅಂತ ನನ್ನ ಅಂದಾಜು. ಅಂದಾಜು ಮಾತ್ರ. ಫೋನಿನ ಪರದೆಯಲ್ಲಿ ಕತ್ತಿ ಗುರುತಿಸಿ ಚೀಟಿ ಬರೆಯುವ ಧೈರ್ಯ ನನಗಿಲ್ಲ.

ಬೆಲೆ ಕೇಳಿದ್ದನಲ್ಲ, ಅದನ್ನೂ ಹೇಳಿದೆ. ಅರ್ಧ ಹೆಸರು, ಪತ್ರ ಇಲ್ಲ, ಹೊಳಪಿಲ್ಲ. ಈ ಸ್ಥಿತಿಯಲ್ಲಿ ದೊಡ್ಡ ದುಡ್ಡು ಬರುವುದಿಲ್ಲ. ಇಲ್ಲಿ ಸಾಣೆಯವರು ಕಲ್ಲಿನ ಮೇಲೆ ಕಲ್ಲು ಬದಲಿಸುತ್ತಾ ವಾರಗಟ್ಟಲೆ ಕೂತು ಕೈಯಲ್ಲೇ ಹೊಳಪು ಕೊಡುತ್ತಾರೆ. ನನ್ನ ಒಂದು ವಾಕಿಜಾಶಿಗೆ 2,40,000 ಯೆನ್ ಆಗಿತ್ತು. ಎಷ್ಟೋ ಸಲ ಆ ಖರ್ಚು ಕತ್ತಿಯ ಬೆಲೆಯನ್ನೇ ಮೀರುತ್ತದೆ. ಬಾಯಿಗೆ ಅಡ್ಡಲಾಗಿ ಕೂದಲೆಳೆಯಂಥ ಬಿರುಕು, ಹಾಗಿರೆ ಅನ್ನುತ್ತಾರೆ, ಇದ್ದರಂತೂ ಎಲ್ಲ ವ್ಯರ್ಥ. ಇನ್ನು ಜಪಾನಿನಲ್ಲಿ ಪ್ರತಿ ಕತ್ತಿಯ ಜೊತೆಗೂ ತೋರೊಕುಶೋ ಅನ್ನುವ ನೋಂದಣಿ ಚೀಟಿ ಇರಲೇಬೇಕು. ಉದ್ದ, ಬಾಗು, ತೂತು ಎಷ್ಟು, ಹೆಸರೇನು, ಎಲ್ಲ ಅದರಲ್ಲಿ ಬರೆದಿರುತ್ತದೆ. ಕತ್ತಿ ಕೈ ಬದಲಾದರೆ 20 ದಿನದೊಳಗೆ ತಿಳಿಸಬೇಕು. ಹೊರಗಿನಿಂದ ತರುವ ಕತ್ತಿಗೂ ಇದನ್ನು ಮಾಡಿಸಬೇಕು. ಯುದ್ಧಕಾಲದ ಕಾರ್ಖಾನೆ ಕತ್ತಿಗಳಿಗೆ ಅದು ಸಿಗುವುದೇ ಇಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾರೋದು ಬೇಡ ಬಿಡು. ಅಜ್ಜ ಇದನ್ನ ಯಾರಿಗೂ ತೋರಿಸ್ತಾ ಇರಲಿಲ್ಲ" ಅಂದ.

ನನ್ನ ಸುಳ್ಳು ತದಾಯೋಶಿಯೂ ಇನ್ನೂ ನನ್ನ ಹತ್ತಿರವೇ ಇದೆ. ಆ ಹೆಸರನ್ನು ಅರದಿಂದ ಅಳಿಸಿದರೆ ಹೆಸರಿಲ್ಲದ ಕತ್ತಿ ಅಂತ ಪತ್ರ ಸಿಗಬಹುದು ಎಂದು ಇಬ್ಬರು ಹೇಳಿದರು. ಹಾಗೆ ಮಾಡಿಸುವವರು ಇದ್ದಾರೆ. ನನಗೆ ಮನಸ್ಸು ಬರಲಿಲ್ಲ. ಯಾರೋ ಒಬ್ಬ ನೂರಾರು ವರ್ಷದ ಹಿಂದೆ ಕೂತು ಕೊರೆದ ಅಕ್ಷರ, ಅದರ ಮೇಲೂ ತುಕ್ಕು ಕೂತಿದೆ. ಅದಕ್ಕೆ ಅರ ಹಾಕಲು ನಾನು ಯಾರು?

ಗೆಳೆಯನಿಗೆ ಕೊನೆಗೆ ಹೇಳಿದ್ದು ಇಷ್ಟೇ. ಹಳೇ ಮೆತ್ತನೆ ಪಂಚೆಯಿಂದ ಅಲಗು ಒರೆಸು, ಬೆನ್ನಿನ ಕಡೆಯಿಂದ. ತೆಳ್ಳಗೆ ಹೊಲಿಗೆ ಯಂತ್ರದ ಎಣ್ಣೆ ಹಚ್ಚು. ಮಳೆಗಾಲ ಮುಗಿಯುವವರೆಗೆ ತಿಂಗಳಿಗೊಮ್ಮೆ ತೆಗೆದು ನೋಡು. ನಾಕಗೊಗೆ ಏನೂ ಬೇಡ.

ಸೆಪ್ಟೆಂಬರ್ ಮೊದಲ ವಾರ ಮತ್ತೆ ಫೋನ್ ಮಾಡಿದ. ಅವರ ಮನೆಯಲ್ಲಿ ಕೈಲ್ ಪೊಳ್ದ್ ಹಬ್ಬ, ಆಯುಧಗಳಿಗೆಲ್ಲ ಪೂಜೆ. ಅವನ ಅಮ್ಮ ಈ ಸಲ ಅಜ್ಜನ ಕತ್ತಿಯನ್ನೂ ಕೋವಿಯ ಪಕ್ಕ ಇಡೋಣ ಅಂದಿದ್ದಾರೆ. "ಗಂಧ ಹಚ್ಚಬಹುದಾ?" ಅಂತ ಕೇಳಿದ. "ಒರೆಗೆ ಹಚ್ಚು, ಅಲಗಿಗೆ ಬೇಡ. ಒದ್ದೆ ಗಂಧ ತಾಗಿದರೆ ಕಲೆ ಬೀಳುತ್ತೆ" ಅಂದೆ.

ಸಂಜೆ ಫೋಟೋ ಬಂತು. ಕೋವಿಯ ನಳಿಗೆಯಲ್ಲಿ ಒಂದು ತೋಕ್ ಪೂ ಹೂವು, ಕತ್ತಿಯ ಹಿಡಿಯ ಮೇಲೆ ಇನ್ನೊಂದು. ಒರೆಗೆ ಮಾತ್ರ ಮೂರು ಬೊಟ್ಟು ಗಂಧ.