ನಾನು ಸುಳ್ಳು ಹೇಳಿರಲಿಲ್ಲ

ಚಿಕ್ಕಪೇಟೆಯ ಸೀರೆ ಅಂಗಡಿಯೊಂದರ ಗಾದಿಯ ಮೇಲೆ ಕಾಲು ಮಡಿಸಿ ಕೂರಲು ಶುರುಮಾಡಿ ನನಗೆ 29 ವರ್ಷವಾಯಿತು. ಮಂಡಿ ಸವೆದಿರುವುದಕ್ಕೆ ಅದೇ ಕಾರಣ ಅಂತ ಡಾಕ್ಟರ್ ಹೇಳುತ್ತಾರೆ. ಇಷ್ಟು ವರ್ಷದಲ್ಲಿ ಆರ್ಟ್ ಸಿಲ್ಕನ್ನು, ಅಂದರೆ ಕೃತಕ ರೇಷ್ಮೆಯನ್ನು, ಪ್ಯೂರ್ ಸಿಲ್ಕ್ ಅಂತ ಒಂದು ಸಲವೂ ಮಾರಿಲ್ಲ. ಅನುಮಾನ ಪಟ್ಟ ಗಿರಾಕಿಗೆ ಸೆರಗಿನ ತುದಿಯಿಂದ ಒಂದೆಳೆ ಕಿತ್ತು, ಬೆಂಕಿಕಡ್ಡಿ ಗೀರಿ ತೋರಿಸುತ್ತಿದ್ದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದನ್ನು ಹೊಸಕಿದರೆ ಪುಡಿಪುಡಿ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. 2004ರಲ್ಲಿ ಅಸಲಿ ರೇಷ್ಮೆ ಅಂತ ಖಾತ್ರಿ ಕೊಡುವ ಸಿಲ್ಕ್ ಮಾರ್ಕ್ ಚೀಟಿ ಬಂದ ಮೇಲೆ ಬೆಂಕಿಕಡ್ಡಿಯ ಕೆಲಸ ಕಡಿಮೆಯಾಯಿತು. ಜಂಬ ಕಡಿಮೆಯಾಗಲಿಲ್ಲ. ಅಂಗಡಿಯ ಹುಡುಗರು ನನ್ನನ್ನು ಬೈಬಲಿನ ಹೆಸರಿಟ್ಟು ‘ಸತ್ಯವೇದ ಅಂಕಲ್’ ಅಂತ ಕರೆಯುತ್ತಾರೆ. ಅದು ತಮಾಷೆಗೆ ಅಂತ ಗೊತ್ತಿದ್ದರೂ ನನಗೆ ಹಿತವಾಗಿತ್ತು.

ಗಿರಾಕಿಗಳೇನೂ ಕಡಿಮೆಯಿಲ್ಲ ಬಿಡಿ. ಬೈಬಲಿನ ಜ್ಞಾನೋಕ್ತಿ ಪುಸ್ತಕದ 20ನೇ ಅಧ್ಯಾಯದಲ್ಲಿ ಒಂದು ಮಾತಿದೆ: ಕೊಳ್ಳುವವನು ಚೆನ್ನಾಗಿಲ್ಲ, ಚೆನ್ನಾಗಿಲ್ಲ ಅನ್ನುತ್ತಾನೆ, ಆಚೆ ಹೋದ ಮೇಲೆ ಕೊಚ್ಚಿಕೊಳ್ಳುತ್ತಾನೆ. ಅದನ್ನು ಬರೆದವನು ಮದುವೆ ಸೀಸನ್ನಿನಲ್ಲಿ ನಮ್ಮ ಅಂಗಡಿಯ ಮೆಟ್ಟಿಲ ಬಳಿ ನಿಂತಿದ್ದನೇನೋ ಅನ್ನಿಸುತ್ತದೆ. “ಕಲರ್ ಡಲ್ಲು, ಜರಿ ಲೈಟು, ನಮ್ಮ ಏರಿಯಾದಲ್ಲೇ ಇದಕ್ಕಿಂತ ಕಮ್ಮಿಗೆ ಸಿಗುತ್ತೆ” ಅಂತ ಮುಕ್ಕಾಲು ಗಂಟೆ ಮೂಗು ಮುರಿದವರು, ಮೆಟ್ಟಿಲಿಳಿಯುತ್ತಾ ಫೋನಿನಲ್ಲಿ, “ಎಂಟು ಸಾವಿರದ್ದು ಕಣೇ, ಐದೂವರೆಗೆ ಹೊಡ್ಕೊಂಡೆ!” ಸೇಟು ಗಲ್ಲಾದ ಹಿಂದೆ ಕೂತು ನಗುತ್ತಾರೆ. ನಾನೂ ನಗುತ್ತೇನೆ. ಸೀರೆ ಬೆಲೆ ಶುರುವಿನಿಂದಲೂ ಐದೂವರೆಯೇ ಇತ್ತು ಅನ್ನುವುದು ಬೇರೆ ಮಾತು.

ಇಂಥ ನಾನು ಎರಡು ವರ್ಷದ ಹಿಂದೆ ಒಬ್ಬ ಮನುಷ್ಯನ ಮಾನ ಕಳೆದೆ. ಅದಕ್ಕೆ ಒಂದು ಸುಳ್ಳೂ ಬೇಕಾಗಲಿಲ್ಲ.

ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಹಾರ್ವೆಸ್ಟ್ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಹರಾಜು. ಕುಂಬಳಕಾಯಿ, ಬಾಳೆಗೊನೆ, ನಾಟಿ ಕೋಳಿ, ಹೆಂಗಸರು ಮಾಡಿ ತಂದ ಕೇಕು. ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗುವ ಕುಂಬಳಕಾಯಿ ಅಲ್ಲಿ ಮೂರು ಸಾವಿರಕ್ಕೆ ಹೋಗುತ್ತದೆ, ಕೊಂಡವರು ಅದನ್ನು ಮತ್ತೆ ಹರಾಜಿಗೆ ಕೊಡುತ್ತಾರೆ. ಆ ದುಡ್ಡನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬ ಅಣ್ಣ. ಹೆಸರು ಬೇಡ. ಹನ್ನೊಂದು ವರ್ಷದಿಂದ ಅವರೇ ಖಜಾಂಚಿ, ನೋಟುಪುಸ್ತಕದ ಅಂಚಿಗೆ ಕೆಂಪು ಸ್ಕೇಲು ಗೆರೆ ಹಾಕಿ ಬರೆಯುವವರು.

ಹಬ್ಬದ ಮುಂದಿನ ಶನಿವಾರ ಊಟದ ಹೊತ್ತಿನಲ್ಲಿ ನಗರ್ತಪೇಟೆ ಕಡೆ ಹೋಗಿದ್ದೆ. ಒಂದು ಗಿರವಿ ಅಂಗಡಿಯಿಂದ ಆ ಅಣ್ಣ ಹೊರಗೆ ಬಂದರು. ಶರ್ಟಿನ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು. ನನ್ನನ್ನು ನೋಡಲಿಲ್ಲ. ನಾನೂ ಕರೆಯಲಿಲ್ಲ. ಇಷ್ಟೇ.

ಶುಕ್ರವಾರ ಮನೆ ಪ್ರಾರ್ಥನೆ. ಹಾಡಾಯಿತು, ವಾಕ್ಯವಾಯಿತು. “ಪ್ರಾರ್ಥನೆ ಬಿನ್ನಹ ಏನಾದ್ರೂ ಇದ್ರೆ ಹೇಳಿ” ಅಂದರು. ಒಬ್ಬರ ಮಗನಿಗೆ ವೀಸಾ, ಒಬ್ಬರಿಗೆ ಶುಗರ್. ನನ್ನ ಸರದಿ ಬಂತು. “ನಮ್ಮ ಅಣ್ಣನವರನ್ನ ನೆನೆಸ್ಕೊಳ್ಳೋಣ. ಏನೋ ಕಷ್ಟದಲ್ಲಿದ್ದಾರೆ ಅನ್ಸುತ್ತೆ. ಮೊನ್ನೆ ಗಿರವಿ ಅಂಗಡಿ ಹತ್ರ ನೋಡ್ದೆ. ಹೊರಗೆ ಹೇಳ್ಬೇಡಿ, ಪ್ರಾರ್ಥನೆ ಮಾಡಿ ಸಾಕು.” ಎಲ್ಲರೂ “ಅಯ್ಯೋ, ಸ್ತೋತ್ರ” ಅಂದರು. ಕಣ್ಣು ಮುಚ್ಚಿದೆವು. ಆ ಹೊತ್ತಿನಲ್ಲಿ ನನಗಾದದ್ದು ಮರುಕವಲ್ಲ. ನನ್ನ ಬಳಿ ಇನ್ನೊಬ್ಬರಿಗೆ ಗೊತ್ತಿಲ್ಲದ್ದು ಒಂದಿತ್ತು, ಅದನ್ನು ಕೊಟ್ಟೆ, ಎಲ್ಲರೂ ನನ್ನ ಕಡೆ ತಿರುಗಿದರು. ಬೋಣಿಯಾದಾಗ ಆಗುತ್ತದಲ್ಲ, ಆ ಖುಷಿ. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಕ್ರಿಸ್ಮಸ್ಸಿಗೆ ಮುಂಚೆ ಶಿವಾಜಿನಗರ ಬಸ್‌ಸ್ಟ್ಯಾಂಡಿನಲ್ಲಿ ಸಭೆಯವರೇ ಒಬ್ಬರು ಸಿಕ್ಕಿ, ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದರು: “ನಿಮಗೆ ಗೊತ್ತಾ ಬ್ರದರ್? ಹರಾಜಿನ ದುಡ್ಡು ಬ್ಯಾಂಕಿಗೆ ಕಟ್ಟೇ ಇಲ್ವಂತೆ. ಸಾಲಗಾರರು ಮನೆ ಹತ್ರ ಬಂದಿದ್ರಂತೆ.” ನಾನೇ ಮಾರಿದ ಸೀರೆ ಫಾಲ್ ಹೊಲಿಸಿಕೊಂಡು, ಕುಚ್ಚು ಕಟ್ಟಿಸಿಕೊಂಡು ನನ್ನ ಮುಂದೆಯೇ ಬಂದು ನಿಂತ ಹಾಗಾಯಿತು. ಬಟ್ಟೆ ನನ್ನದೇ, ಗುರುತು ಸಿಕ್ಕಿತು. ಆದರೂ “ಹೌದಾ?” ಅಂದೆನೇ ಹೊರತು “ಅದು ನಾನು ಹೇಳಿದ್ದು” ಅನ್ನಲಿಲ್ಲ.

ಜನವರಿಯಲ್ಲಿ ಲೆಕ್ಕ ನೋಡಿದರು. ಒಂದು ರೂಪಾಯಿ ಆಚೀಚೆ ಇರಲಿಲ್ಲ. ಬ್ಯಾಂಕಿನ ಚಲನ್ ಹರಾಜಾದ ಮರುದಿನ, ಸೋಮವಾರದ್ದೇ. ನಾನು ಅವರನ್ನು ಗಿರವಿ ಅಂಗಡಿ ಬಳಿ ನೋಡುವ ಹೊತ್ತಿಗೆ ಸಭೆಯ ದುಡ್ಡು ಐದು ದಿನದಿಂದ ಬ್ಯಾಂಕಿನಲ್ಲಿತ್ತು. ಆ ಅಣ್ಣ ಅದೇ ಸಂಜೆ ಪುಸ್ತಕ, ಕೆಂಪು ಸ್ಕೇಲು ಸಮೇತ ಪಾದ್ರಿ ಅಯ್ಯನವರ ಮೇಜಿನ ಮೇಲಿಟ್ಟು ಹೋದರು. ಮುಂದಿನ ಭಾನುವಾರದಿಂದ ಎರಡನೇ ಸಾಲಿನ ಅವರ ಜಾಗ ಖಾಲಿ.

ನಾಲಿಗೆಯ ವಿಷಯದಲ್ಲಿ ಬೋಧನೆ ಅಂದರೆ ನಮ್ಮಲ್ಲಿ ಬೈಬಲಿನ ಯಾಕೋಬನ ಪತ್ರಿಕೆಯ ಮೂರನೇ ಅಧ್ಯಾಯ. ಕುದುರೆಗೆ ಕಡಿವಾಣ, ಹಡಗಿಗೆ ಚುಕ್ಕಾಣಿ, ಕಾಡಿಗೆ ಕಿಡಿ. ಚಿಕ್ಕಂದಿನಿಂದ ಕೇಳಿ ಕೇಳಿ ನನ್ನ ಕಿವಿಯಲ್ಲಿ ಅದು ಸವೆದುಹೋಗಿತ್ತು. ಕುದುರೆಯನ್ನೂ ಹಡಗನ್ನೂ ಹತ್ತದವನು ನಾನು. ನನಗೆ ಚುಚ್ಚಿದ್ದು ಬೈಬಲಿನಲ್ಲಿ ಯಾರೂ ಇಷ್ಟಪಟ್ಟು ಓದದ, ಬರೀ ನಿಯಮಗಳ ಪುಸ್ತಕ, ಯಾಜಕಕಾಂಡ.

ಆ ವರ್ಷ ಒಂದು ಭಾನುವಾರ ಹಳೆ ಒಡಂಬಡಿಕೆಯ ಪಾಠ ಓದುವ ಸರದಿ ನನ್ನದು, ಯಾಜಕಕಾಂಡದ 19ನೇ ಅಧ್ಯಾಯ. ತಡವರಿಸಬಾರದಲ್ಲ ಅಂತ ಹಿಂದಿನ ದಿನ ಅಂಗಡಿಯಲ್ಲೇ ಡಬ್ಬಿ ಊಟ ಮುಗಿಸಿ ಓದಿಕೊಳ್ಳುತ್ತಿದ್ದೆ. ಕೊನೆಯಿಂದ ಮೂರನೇ ವಚನದಲ್ಲಿ ಅಳತೆಯಲ್ಲಿ ಮೋಸ ಮಾಡಬೇಡಿ ಅಂತಿದೆ. ಉದ್ದದ ಅಳತೆ, ತೂಕ, ಸೇರು ಎಲ್ಲವೂ ನ್ಯಾಯವಾಗಿರಲಿ. ಓದಿ ಖುಷಿಯಾಯಿತು. ನನ್ನ ಮುಂದೆಯೇ ಮೀಟರ್ ಪಟ್ಟಿ ಬಿದ್ದಿತ್ತು. ಸೀರೆ ಐದೂವರೆ ಮೀಟರ್, ರವಿಕೆಗೆ ಎಂಬತ್ತು ಸೆಂಟಿಮೀಟರ್, ಒಂದು ಬೆರಳಗಲ ಕಡಿಮೆ ಕೊಟ್ಟವನಲ್ಲ ನಾನು. ಅದೇ ಜಂಬದಲ್ಲಿ ಮತ್ತೆ ಮೇಲಿನಿಂದ ಓದಿದೆ. 16ನೇ ವಚನ: ನಿನ್ನ ಜನರ ನಡುವೆ ಚಾಡಿ ಹೇಳುತ್ತಾ ತಿರುಗಾಡಬೇಡ.

ಅಲ್ಲಿ ಚಾಡಿಕೋರನಿಗೆ ಇರುವ ಹೀಬ್ರೂ ಮಾತಿಗೂ ಊರೂರು ತಿರುಗಿ ಸರಕು ಮಾರುವ ವ್ಯಾಪಾರಿಗೆ ಇರುವ ಮಾತಿಗೂ ನಂಟಿದೆ ಅಂತ ಆಮೇಲೆ ಅಯ್ಯನವರು ಹೇಳಿದರು. ಒಬ್ಬರ ಮನೆಯಲ್ಲಿ ಎತ್ತಿ ಇನ್ನೊಬ್ಬರ ಮನೆಯಲ್ಲಿ ಇಳಿಸುವವನು. ಗಂಟು ಹೊತ್ತು ಮಾರುವವನ ಕಸುಬು ನನಗೆ ಗೊತ್ತಿಲ್ಲವೇ? ಇನ್ನೂ ಎರಡು ವಚನ ಮೇಲೆ ಹೋದರೆ, ಕಿವುಡನನ್ನು ಶಪಿಸಬೇಡ ಅಂತಿದೆ. ಕಿವುಡನಿಗೆ ಕೇಳಿಸುವುದೇ ಇಲ್ಲ, ಶಪಿಸಿದರೆ ಅವನಿಗೇನು ನಷ್ಟ ಅಂತ ಹಿಂದೆಲ್ಲ ಅಂದುಕೊಂಡಿದ್ದೆ. ಆ ಮಧ್ಯಾಹ್ನ ಹೊಳೆಯಿತು. ಶುಕ್ರವಾರದ ಆ ಕೋಣೆಯಲ್ಲಿ ಇಲ್ಲದ ಆ ಅಣ್ಣನಿಗೂ ನನ್ನ ಮಾತು ಕೇಳಿಸಲಿಲ್ಲ. ಕೇಳಿಸಿದ್ದರೆ “ಅಲ್ಲಪ್ಪಾ, ವಿಷಯ ಹೀಗೆ” ಅನ್ನುತ್ತಿದ್ದರು. ಮಾರನೇ ದಿನ ಆ ವಚನ ಓದುವಾಗ ನಾನು ತಡವರಿಸಿದೆ.

ಆಮೇಲೆ ಹುಡುಕಿ ಹುಡುಕಿ ಓದಿದೆ. ನನಗೆ ಬೇಕಿದ್ದದ್ದು ಒಂದು ಸಮಾಧಾನ: ನಾನು ಹೇಳಿದ್ದು ನಿಜ ತಾನೇ? ಹತ್ತು ಆಜ್ಞೆಗಳಲ್ಲಿ ಸುಳ್ಳುಸಾಕ್ಷಿ ಹೇಳಬೇಡ ಅಂತಿದೆ, ನನ್ನದು ನಿಜವಾದ ಸಾಕ್ಷಿ. ಆ ಸಮಾಧಾನವನ್ನೂ ದೋಯೇಗ ಕಿತ್ತುಕೊಂಡ.

ಸಮುವೇಲನ ಮೊದಲನೇ ಪುಸ್ತಕದ 21, 22ನೇ ಅಧ್ಯಾಯ. ಅರಸ ಸೌಲನಿಂದ ತಪ್ಪಿಸಿಕೊಂಡು ಓಡುತ್ತಿದ್ದ ದಾವೀದ ನೋಬ್ ಊರಿನ ಯಾಜಕ ಅಹೀಮೆಲೆಕನ ಬಳಿ ಬಂದು, ಅರಸನ ಗುಟ್ಟಿನ ಕೆಲಸದ ಮೇಲಿದ್ದೇನೆ ಅಂತ ಸುಳ್ಳು ಹೇಳುತ್ತಾನೆ. ಯಾಜಕ ನಂಬಿ ರೊಟ್ಟಿ ಕೊಡುತ್ತಾನೆ, ಗೊಲ್ಯಾತನ ಕತ್ತಿ ಕೊಡುತ್ತಾನೆ. ಇದನ್ನು ಸೌಲನ ಆಳು, ಎದೋಮ್ಯನಾದ ದೋಯೇಗ ನೋಡುತ್ತಾನೆ. ಮುಂದೆ ಸೌಲ ಎಲ್ಲರ ಮೇಲೂ ರೇಗುತ್ತಿರುವಾಗ ದೋಯೇಗ ಹೇಳುತ್ತಾನೆ: ದಾವೀದ ಅಲ್ಲಿಗೆ ಬಂದದ್ದನ್ನು ನಾನು ಕಂಡೆ, ಅಹೀಮೆಲೆಕ ಅವನಿಗೆ ಆಹಾರ ಕೊಟ್ಟ, ಕತ್ತಿ ಕೊಟ್ಟ. ನಡೆದದ್ದೇ. ಯಾಜಕನಿಗೆ ದಾವೀದ ಓಡಿಹೋಗುತ್ತಿರುವುದು ಗೊತ್ತಿರಲಿಲ್ಲ ಅನ್ನುವುದು ಮಾತ್ರ ಅವನ ಮಾತಿನಲ್ಲಿ ಇರಲಿಲ್ಲ. ಸೌಲನ ಕಾವಲಿನವರು ಯಾಜಕರ ಮೇಲೆ ಕೈಮಾಡಲು ಒಪ್ಪಲಿಲ್ಲ. ದೋಯೇಗನೇ ಆ ದಿನ 85 ಮಂದಿಯನ್ನು ಕೊಂದ.

52ನೇ ಕೀರ್ತನೆಯ ತಲೆಬರಹ ಈ ಪ್ರಸಂಗವನ್ನೇ ಹೆಸರಿಸುತ್ತದೆ. ನಿನ್ನ ನಾಲಿಗೆ ಹರಿತವಾದ ಕ್ಷೌರಕತ್ತಿ ಅನ್ನುತ್ತದೆ, ಸತ್ಯಕ್ಕಿಂತ ಸುಳ್ಳು ನಿನಗಿಷ್ಟ ಅನ್ನುತ್ತದೆ. ನಾನು ಮೂರು ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ನೋಡಿದೆ. ಕಥೆಯಲ್ಲಿ ಬಾಯಿಬಿಟ್ಟು ಸುಳ್ಳು ಹೇಳಿದವನು ದಾವೀದ. ಸುಳ್ಳುಗಾರ ಅನ್ನಿಸಿಕೊಂಡವನು ದೋಯೇಗ. ದಾವೀದನೂ ಪಾರಾಗಲಿಲ್ಲ, ತಪ್ಪಿಸಿಕೊಂಡು ಬಂದ ಅಹೀಮೆಲೆಕನ ಮಗನ ಮುಂದೆ, ನಿನ್ನ ಮನೆಯವರ ಸಾವಿಗೆ ನಾನೇ ಕಾರಣ ಅಂತ ಒಪ್ಪಿಕೊಂಡ. ನಾನು ಅಷ್ಟೂ ಮಾಡಿರಲಿಲ್ಲ.

ಜ್ಞಾನೋಕ್ತಿಯಲ್ಲಿ ಒಂದೇ ಮಾತು ಎರಡು ಕಡೆ, 18ರಲ್ಲೂ 26ರಲ್ಲೂ ಬರುತ್ತದೆ: ಚಾಡಿಕೋರನ ಮಾತು ರುಚಿಯಾದ ತುತ್ತು, ಹೊಟ್ಟೆಯ ಆಳಕ್ಕೆ ಇಳಿಯುತ್ತದೆ. ಹಳೆಯ ಇಂಗ್ಲಿಷ್ ಬೈಬಲಿನಲ್ಲಿ ತುತ್ತು ಅನ್ನುವ ಪದದ ಕಡೆ ‘ಗಾಯಗಳು’ ಅಂತ ಹಾಕಿದ್ದಾರೆ. ಮೂಲದ ಆ ಪದ ಇಡೀ ಹೀಬ್ರೂ ಬೈಬಲಿನಲ್ಲಿ ಈ ಎರಡು ಕಡೆ ಬಿಟ್ಟರೆ ಬೇರೆಲ್ಲೂ ಬರುವುದಿಲ್ಲವಂತೆ, ಅದಕ್ಕೇ ಈ ಗೊಂದಲ. ಪಂಡಿತರು ತುತ್ತು ಅನ್ನುವುದೇ ಸರಿ ಅನ್ನುತ್ತಾರೆ. ಗಿರವಿ ಅಂಗಡಿ ಅಂದ ಕೂಡಲೇ ಶುಕ್ರವಾರ ಎಲ್ಲರ ಮುಖ ಅರಳಿದ್ದನ್ನು ನೋಡಿದ ನಾನೂ ಹಾಗೇ ಅನ್ನುತ್ತೇನೆ.

ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ನಿನ್ನ ಸಹೋದರನ ಜತೆ ಸರಿಮಾಡಿಕೋ ಅಂತ ಮತ್ತಾಯನ ಸುವಾರ್ತೆಯಲ್ಲಿದೆ. ಯೇಸು ಹೇಳಿದ್ದು ಸುಲಭ, ಹೆಣ್ಣೂರಿನ ಕಡೆ ಅಣ್ಣನವರ ಮನೆಗೆ ಬಸ್ಸು ಹತ್ತುವುದಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಬಾಗಿಲು ತೆಗೆದದ್ದು ಅಕ್ಕ. “ಬನ್ನಿ, ಕೂತ್ಕೊಳ್ಳಿ” ಅಂದು ಒಳಗೆ ಹೋದವರು ಕಾಫಿ ತಂದಿಟ್ಟು ಮತ್ತೆ ಒಳಗೇ ಹೋದರು. ಅಣ್ಣ ಎದುರಿಗೆ ಕೂತರು. ನಾನು ಹೇಳಬೇಕಾದ್ದನ್ನು ಹೇಳಿದೆ. ಶನಿವಾರ ನೋಡಿದ್ದು, ಶುಕ್ರವಾರ ಆಡಿದ್ದು, ಬಸ್‌ಸ್ಟ್ಯಾಂಡಿನಲ್ಲಿ ಬಾಯಿ ಮುಚ್ಚಿಕೊಂಡದ್ದು.

ಅವರು ಬಹಳ ಹೊತ್ತು ಲೋಟವನ್ನೇ ನೋಡುತ್ತಿದ್ದರು. ಆಮೇಲೆ, “ನೀವು ಸುಳ್ಳೇನೂ ಹೇಳಿಲ್ಲ ಬಿಡಿ, ಬ್ರದರ್” ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಿರವಿ ಅಂಗಡಿಗೆ ಯಾಕೆ ಹೋಗಿದ್ದರು ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ. ಹೊರಡುವಾಗ ಗೇಟಿನವರೆಗೂ ಬಂದರು. ಕೈ ಕೊಟ್ಟರೋ ಇಲ್ಲವೋ ಅಂತ ನನ್ನ ಹೆಂಡತಿ ಕೇಳಿದಳು. ಕೊಡಲಿಲ್ಲ. ಚಿಲಕ ಹಾಕಿಕೊಂಡು ಒಳಗೆ ಹೋದರು, ಅಷ್ಟೇ.

ಅದೇ ವಾರ ಮನೆ ಪ್ರಾರ್ಥನೆಯಲ್ಲಿ ಎದ್ದುನಿಂತೆ. ಮಾತು ಶುರುವಾದದ್ದು ನನ್ನಿಂದ, ಅಣ್ಣನವರ ಲೆಕ್ಕದಲ್ಲಿ ಏನೂ ತಪ್ಪಿಲ್ಲ, ಅವರನ್ನು ಒಂದು ಮಾತು ಕೇಳದೆ ನಿಮ್ಮ ಮುಂದೆ ಇಟ್ಟದ್ದು ನನ್ನ ಪಾಪ, ಅಂದೆ. ಕೋಣೆ ಗಪ್‌ಚಿಪ್. ಒಂದಿಬ್ಬರು ತಲೆ ತಗ್ಗಿಸಿದರು. ಪ್ರಾರ್ಥನೆ ಮುಗಿದು ಚಪ್ಪಲಿ ಹುಡುಕುವಾಗ ವಯಸ್ಸಾದ ಅಮ್ಮ ಒಬ್ಬರು ನನ್ನ ತೋಳು ಮುಟ್ಟಿ ಮೆತ್ತಗೆ ಕೇಳಿದರು: “ಅದಿರ್ಲಪ್ಪಾ, ಗಿರವಿ ಅಂಗಡಿಗೆ ಹೋಗಿದ್ದಂತೂ ನಿಜ ತಾನೇ?”

ಈಗ ಬಿನ್ನಹದ ಸರದಿ ನನ್ನ ಹತ್ತಿರ ಬಂದಾಗ ನಾನು ನನ್ನ ಮಂಡಿನೋವಿಗೆ ಪ್ರಾರ್ಥಿಸಿ ಅನ್ನುತ್ತೇನೆ. ವರ್ಷವಿಡೀ ಅದೇ. ಹೋದ ಶುಕ್ರವಾರ ಪಕ್ಕದಲ್ಲಿ ಕೂತಿದ್ದವರು ಬೇಸರವಾಗಿ, “ನಿಮ್ದು ಬರೀ ಮಂಡಿನೋವೇ ಆಯ್ತಲ್ಲ ಬ್ರದರ್, ಬೇರೆ ಏನೂ ವಿಷಯ ಇಲ್ವಾ?” ಅಂದರು. ಎಡಗಾಲಿನದು ಸ್ವಲ್ಪ ಜಾಸ್ತಿಯಾಗಿದೆ ಅಂದೆ.